ಬಿದ್ದ ಕಲ್ಲಿನ ಬೆಲೆ: ಉಲ್ಕಾಶಿಲೆಗಳ ವಿರಳತೆ ಮತ್ತು ಸಾಕ್ಷ್ಯ

ಅಮೀನಗಡದ ದನದ ಸಂತೆಯಲ್ಲಿ ಎತ್ತಿನ ಹಲ್ಲು, ಸುಳಿ, ನಡಿಗೆಗಳನ್ನು ನೋಡಿದ ಮೇಲೂ ಅದು ಯಾವ ಊರಿನದು, ಯಾರ ಕೊಟ್ಟಿಗೆಯದು ಎಂಬ ವಿಚಾರಣೆ ನಡೆಯುತ್ತದೆ. ಬಳಿಕವೇ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುತ್ತಾರೆ. ಆಕಾಶದಿಂದ ಬಿದ್ದ ಕಲ್ಲಿನ ಬೆಲೆಯೂ ಬಹುಮಟ್ಟಿಗೆ ಹೀಗೆಯೇ ನಿರ್ಧಾರವಾಗುತ್ತದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಬೀಳುವುದನ್ನು ಜನರು ಕಂಡ ಉಲ್ಕಾಶಿಲೆಗಳಲ್ಲಿ ಶೇಕಡಾ 80ಕ್ಕೂ ಹೆಚ್ಚಿನವು ಸಾಮಾನ್ಯ ಕಾಂಡ್ರೈಟ್ ಎಂಬ ವರ್ಗದ ಕಲ್ಲುಗಳು. ಕಬ್ಬಿಣದವು ಶೇಕಡಾ 5ರ ಆಸುಪಾಸು. ಕಲ್ಲು-ಕಬ್ಬಿಣ ಬೆರೆತವು ಶೇಕಡಾ 1ರಷ್ಟು. ಆದರೆ ವಿರಳತೆಯೊಂದೇ ಬೆಲೆಯನ್ನು ನಿರ್ಧರಿಸುವುದಿಲ್ಲ. ಅರ್ಜೆಂಟೀನಾದ ಕ್ಯಾಂಪೊ ಡೆಲ್ ಸಿಯೆಲೊ ಬಯಲಿನಲ್ಲಿ ದೊರೆತ ಕಬ್ಬಿಣ 100 ಟನ್ನಿಗೂ ಮಿಗಿಲಾದುದರಿಂದ ಅದು ಅಗ್ಗದ ಸರಕಾಗಿದೆ. ಮಂಗಳ ಗ್ರಹದ ಕಲ್ಲುಗಳ ಮಾತು ಬೇರೆ. ಹೆಸರು ಪಡೆದ 70 ಸಾವಿರಕ್ಕೂ ಹೆಚ್ಚು ಉಲ್ಕಾಶಿಲೆಗಳಲ್ಲಿ ಅವು ಸುಮಾರು 400 ಮಾತ್ರ. 2023ರಲ್ಲಿ ನೈಜರ್ ದೇಶದಲ್ಲಿ ಸಿಕ್ಕ 24.67 ಕಿಲೋಗ್ರಾಂ ತೂಕದ ಅಂಥ ಕಲ್ಲು 2025ರ ಜುಲೈನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಶುಲ್ಕಗಳೂ ಸೇರಿ ಸುಮಾರು 53 ಲಕ್ಷ ಡಾಲರಿಗೆ ಮಾರಾಟವಾಯಿತು.

1865ರ ಆಗಸ್ಟ್ 25ರಂದು ಬಿಹಾರದ ಶೇರಘಾಟಿಯಲ್ಲಿ ಸುಮಾರು 5 ಕಿಲೋಗ್ರಾಂ ತೂಕದ ಕಲ್ಲೊಂದು ಬಿದ್ದಿತು. 27 ದಿನಗಳ ಬಳಿಕ, ಸೆಪ್ಟೆಂಬರ್ 21ರಂದು, ಮೈಸೂರು ಸೀಮೆಯಲ್ಲಿ ಮತ್ತೊಂದು ಬಿದ್ದಿತು. ಇದು ಪಟ್ಟಿಗಳಲ್ಲಿ ಮುದ್ದೂರ್ ಎಂಬ ಹೆಸರಿನಲ್ಲಿದೆ. ಅಂದಿನ ರೈತನ ಕಣ್ಣಿಗೆ ಎರಡೂ ಕರಿ ಸಿಪ್ಪೆಯ ಕಲ್ಲುಗಳೇ. 1872ರಲ್ಲಿ ವಿಯೆನ್ನಾದ ಚೆರ್ಮಾಕ್ ಶೇರಘಾಟಿಯ ಕಲ್ಲನ್ನು ಪರೀಕ್ಷಿಸಿ ಅದರಲ್ಲಿ ಮ್ಯಾಸ್ಕೆಲಿನೈಟ್ ಎಂಬ ವಸ್ತುವನ್ನು ಗುರುತಿಸಿದನು. 1983ರಲ್ಲಿ ಅಂಟಾರ್ಕ್ಟಿಕಾದ ಅದೇ ವರ್ಗದ ಕಲ್ಲೊಂದರಲ್ಲಿ ಸೆರೆಯಾಗಿದ್ದ ಅನಿಲಗಳು ಮಂಗಳದ ವಾಯುಮಂಡಲವನ್ನು ಹೋಲುವುದು ತಿಳಿದುಬಂದಿತು. ಆ ವರ್ಗಕ್ಕೇ ಶೇರಘಾಟಿಯ ಹೆಸರು ನಿಂತಿದೆ. ಮುದ್ದೂರಿನದು ಸಾಮಾನ್ಯ ಕಾಂಡ್ರೈಟ್. ಅದನ್ನು ವಿಚಾರಿಸುವವರು ಕಡಿಮೆ. 1848ರ ಫೆಬ್ರವರಿ 15ರಂದು ವರದಾ-ತುಂಗಭದ್ರಾ ಸಂಗಮದ ಸಮೀಪದ ನೆಗಳೂರಿನಲ್ಲಿ ಬಿದ್ದು 'ಧಾರವಾರ್' ಎಂದು ದಾಖಲಾದ ಕಲ್ಲು, 1866ರ ಏಪ್ರಿಲ್ ತಿಂಗಳ ಉಡುಪಿಯ ಕಲ್ಲು, ಇವುಗಳ ಪಾಡೂ ಅದೇ. ಆದರೆ ಊರು, ದಿನ, ಕಂಡವರ ಮಾತು ಕೂಡಿ ಬಂದುದರಿಂದಲೇ ಇವು ಇಂದಿಗೂ ಉಲ್ಕಾಶಿಲೆಗಳ ಸಾಲಿನಲ್ಲಿ ಉಳಿದಿವೆ. ಬೀಳುವಿಕೆಯ ಸಾಕ್ಷ್ಯವಿರುವ ಕಲ್ಲಿಗೆ ಸಂಗ್ರಾಹಕರೂ ಹೆಚ್ಚು ಬೆಲೆ ಕೊಡುತ್ತಾರೆ. ಮೌಖಿಕ ಸಾಕ್ಷ್ಯಕ್ಕೆ ಪೇಟೆಯಲ್ಲಿ ದರವಿರುವ ಇಂಥ ಕ್ಷೇತ್ರ ಜಾನಪದ ವಿದ್ಯಾರ್ಥಿಗೆ ಇನ್ನೆಲ್ಲಿ ಸಿಕ್ಕೀತು?

ಜನಪದರ ಅಳತೆ ಬೇರೆಯದು. 1815ರಲ್ಲಿ ಪಂಜಾಬ್ ಸೀಮೆಯ ದುರಾಲಾದಲ್ಲಿ ಬಿದ್ದ ಕಲ್ಲನ್ನು ಊರವರು ಹೂವಿನಿಂದ ಮುಚ್ಚಿ, ಗುಡಿ ಕಟ್ಟಿಸಲು ವಂತಿಗೆ ಎತ್ತತೊಡಗಿದ್ದರು. ಆ ಕಲ್ಲು ಈಗ ಲಂಡನ್ನಿನಲ್ಲಿದೆ.

ಹುನಗುಂದ-ಕುಷ್ಟಗಿ ಶಿಲಾಪಟ್ಟಿಯಲ್ಲಿ ಕಬ್ಬಿಣದ ಅದಿರಿನ ಪದರಗಳಿವೆ. ಭಾರವಾದ, ಅಯಸ್ಕಾಂತಕ್ಕೆ ಅಂಟುವ ಕರಿಗಲ್ಲು ಇಲ್ಲಿ ಅಪರೂಪವಲ್ಲ. ತಾಮ್ರದ ಹಳೆಯ ಪಾತ್ರೆಗೆ ಸಿಡಿಲು ಬಡಿದು ಅದು ಅಕ್ಕಿಯನ್ನು ಸೆಳೆಯುವ 'ಇರಿಡಿಯಂ' ಆಗಿದೆಯೆಂದು ನಂಬಿಸಿ ಹಣ ದೋಚುವ 'ರೈಸ್ ಪುಲ್ಲಿಂಗ್' ಮೋಸ ನಾಡಿನಲ್ಲಿ ಹಲವರ ಮನೆ ಮುರಿದಿದೆ. (ಇರಿಡಿಯಂ ಉಲ್ಕೆಗಳಲ್ಲಿ ಭೂಮಿಯ ಹೊರಪದರಕ್ಕಿಂತ ಹೆಚ್ಚಿರುವುದು ನಿಜ, ತಾಮ್ರ ಇರಿಡಿಯಂ ಆಗುವುದು ಸುಳ್ಳು.) 'ಚಿಕ್ಕಿ ಬಿದ್ದ ಕಲ್ಲಿ'ನ ದಲ್ಲಾಳಿಗಳೂ ಇದೇ ಹಾದಿಯವರು. ನಿಜವಾದ ಉಲ್ಕಾಶಿಲೆ ಸಿಕ್ಕರೂ ನಮ್ಮ ದೇಶದಲ್ಲಿ ಅದರ ಪಾಲಕ ಸಂಸ್ಥೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯೆಂಬುದನ್ನು ಅವರು ಹೇಳುವುದಿಲ್ಲ.

ಕ್ಷೇತ್ರಕಾರ್ಯದ ವೇಳೆ ಅಮೀನಗಡದ ಬಳಿಯ ಹಿರಿಯರೊಬ್ಬರು ಅಂಥ ಕಲ್ಲನ್ನು ತೋರಿಸಿದರು. ಹೊಲ ಅಡವಿಟ್ಟು 'ಪರೀಕ್ಷೆಯ ಖರ್ಚು' ಕೊಡುವ ಸಿದ್ಧತೆಯಲ್ಲಿದ್ದರು. ಬಿದ್ದದ್ದನ್ನು ಕಂಡವರು ಯಾರೆಂದು ಕೇಳಿದೆ. "ನಮ್ಮಪ್ಪ ಹೇಳ್ತಿದ್ದ ಸರ, ಅವಗ ಅವರಪ್ಪ" ಎಂದರು. ಹೊಳಪು ಬಳಿಯದ ಟೈಲ್ಸಿನ ಹಿಂಬದಿಗೆ ಕಲ್ಲನ್ನು ತಿಕ್ಕಿದಾಗ ಕೆಂಪು ಗೆರೆ ಮೂಡಿತು. ಅದು ಅದಿರಿನ ಗುರುತು. ಅವರು ಗೆರೆಯನ್ನು ಬಹಳ ಹೊತ್ತು ನೋಡಿದರು. ಹೊಲ ಉಳಿಯಿತು. ಕಲ್ಲನ್ನು ತೊಳೆದು, ಮೊದಲಿದ್ದ ದ್ಯಾಮವ್ವನ ಕಟ್ಟೆಯ ಮೇಲೆಯೇ ಇಟ್ಟುಬಂದರು.