ಮಾತಾಡಿದ್ದು ಪೆನ್‌ಡ್ರೈವ್ ಅಲ್ಲ

2024ರ ಏಪ್ರಿಲ್, ಲೋಕಸಭೆ ಚುನಾವಣೆ. ಹಾಸನದಲ್ಲಿ ಪೆನ್‌ಡ್ರೈವ್‌ಗಳು ಕೈಯಿಂದ ಕೈಗೆ ಹರಿದಾಡಿದವು. ಹೆಂಗಸರ ಮುಖವನ್ನೂ ಮರೆಮಾಚದೆ ಹಂಚಿದ್ದನ್ನು ಧೈರ್ಯವೆನ್ನಲು ನನಗೆ ಮನಸ್ಸಿಲ್ಲ.

ಧೈರ್ಯ ಮನೆಗೆಲಸದವರದು. ಏಪ್ರಿಲ್ 28ರಂದು ಹೊಳೆನರಸೀಪುರ ಠಾಣೆಯಲ್ಲಿ ಮೊದಲ ದೂರು ಕೊಟ್ಟವರು ಆ ಮನೆಯಲ್ಲೇ ಕೆಲಸಕ್ಕಿದ್ದವರು. 2013ರ ಕಾಯ್ದೆಯ ಪ್ರಕಾರ ಮನೆಯೂ ಕೆಲಸದ ಜಾಗವೇ. ದೂರು ಕೇಳಲು ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರಬೇಕು. ಆದರೆ ಯಜಮಾನನೇ ಸಂಸದನಾದರೆ, ಕೂಲಿಯ ಹೆಂಗಸು ಆ ಬಾಗಿಲು ತಟ್ಟುವುದುಂಟೇ?

ತೋಟದ ಮನೆಯಲ್ಲಿ ದುಡಿದಿದ್ದ ಇನ್ನೊಬ್ಬರು ನ್ಯಾಯಾಲಯದಲ್ಲಿ ನಿಂತು ಹೇಳಿದರು. ಅವರ ಸೀರೆಯ ಡಿಎನ್‌ಎ ಪರೀಕ್ಷೆ ಆ ಮಾತಿಗೆ ಬಲ ಕೊಟ್ಟಿತು. 2025ರ ಆಗಸ್ಟ್ 2ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಅತ್ಯಾಚಾರಕ್ಕಾಗಿ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅವರು ಮೇಲ್ಮನವಿ ಸಲ್ಲಿಸಿದ್ದಾರೆ. ವಿಡಿಯೊಗಳಲ್ಲಿದ್ದ ಹೆಚ್ಚಿನವರು ಠಾಣೆಗೆ ಬರಲೇ ಇಲ್ಲ.