ಹಾಲು, ಹಿತ್ತಾಳೆ, ಕಲಾಯಿ

ಖಾನಾಪುರ ತಾಲ್ಲೂಕಿನ ಹಲಸಿಯು ಒಂದು ಕಾಲಕ್ಕೆ ಪಲಾಶಿಕೆಯೆಂಬ ಹೆಸರಿನಿಂದ ಕದಂಬರ ಎರಡನೆಯ ರಾಜಧಾನಿಯಾಗಿ ಮೆರೆದುದನ್ನು ನಾವಿಂದು ಅರಿತಿರುವುದು ಬಹುಮಟ್ಟಿಗೆ ತಾಮ್ರದ ಕೃಪೆಯಿಂದ. ಸೇನಾಪತಿ ಶ್ರುತಕೀರ್ತಿಗೆ ಖೇಟಗ್ರಾಮದಲ್ಲಿ ಭೂಮಿಯನ್ನಿತ್ತ ಕಾಕುಸ್ಥವರ್ಮನ ದಾನವೂ, ತಂದೆಯ ನೆನಪಿಗಾಗಿ ಇಲ್ಲಿ ಜಿನಾಲಯವನ್ನು ಕಟ್ಟಿಸಿ 33 ನಿವರ್ತನ ಭೂಮಿಯನ್ನು ಬಿಟ್ಟ ಮೃಗೇಶವರ್ಮನ ಧರ್ಮಕಾರ್ಯವೂ ತಾಮ್ರದ ಹಲಗೆಗಳ ಮೇಲೆ ಕೊರೆಯಲ್ಪಟ್ಟು, ಶತಮಾನಗಳ ಕಾಲ ಅಜ್ಞಾತವಾಗಿದ್ದು, 19ನೆಯ ಶತಮಾನದಲ್ಲಿ ಶಾಸನತಜ್ಞ ಫ್ಲೀಟರಿಂದ ಪ್ರಕಟಗೊಂಡವು. ಅರಸರು ಆಚಂದ್ರಾರ್ಕಕ್ಕೆಂದು ನೆಚ್ಚಿದ ಈ ಲೋಹವನ್ನು ಗೃಹಿಣಿಯರು ದಿನನಿತ್ಯಕ್ಕೆ ನೆಚ್ಚಿದರು. ಬಚ್ಚಲಿನ ಹಂಡೆಯು ತಾಮ್ರದ್ದಾದರೆ, ಕೊಡ, ತಂಬಿಗೆ, ಹಾಲಿನ ಪಾತ್ರೆಗಳು ತಾಮ್ರಕ್ಕೆ ಸತುವನ್ನು ಬೆರೆಸಿದ ಹಿತ್ತಾಳೆಯವು.

ಈ ನೆಚ್ಚಿಕೆಗೆ ಕಾವಲಾಗಿದ್ದವನು ಕಲಾಯಿಯವನು. ಬೀದಿಯ ಬದಿಯಲ್ಲಿ ಸಣ್ಣ ಕುಳಿಯನ್ನು ತೋಡಿ, ತಿದಿಯೊತ್ತಿ ಇದ್ದಿಲನ್ನು ಕೆಂಪಗೆ ಮಾಡಿ, ಕಾದ ಪಾತ್ರೆಯೊಳಗೆ ನವಸಾಗರದ ಪುಡಿಯನ್ನು ಎರಚಿ, ಬಿಳಿಯ ಹೊಗೆಯೇಳುತ್ತಿರುವಂತೆಯೇ ತವರವನ್ನು ಮುಟ್ಟಿಸಿ, ಅರಳೆಯಿಂದ ಸರಸರನೆ ಒರೆಸಿದನೆಂದರೆ ಒಳಮೈಯೆಲ್ಲ ಬೆಳ್ಳಿಯಂತಾಗುತ್ತಿತ್ತು. ಆ ತೆಳುವಾದ ಲೇಪವು ತಿಕ್ಕಿ ತಿಕ್ಕಿ ಸವೆದಾಗ ಹುಳಿಯ ಪದಾರ್ಥಕ್ಕೆ ಕಿಲುಬು ಹತ್ತುವುದೆಂಬುದನ್ನು ಎಲ್ಲರೂ ಬಲ್ಲರು. ಹಾಲಿನ ವಿಷಯದಲ್ಲಿ ಮಾತ್ರ ಯಾರಿಗೂ ಸಂಶಯ ಹುಟ್ಟಲಿಲ್ಲ.

1887ರಲ್ಲಿ ಕಲ್ಕತ್ತೆಯ ಸೇನ್ ಎಂಬ ವೈದ್ಯರು ವರ್ಣಿಸಿದ ಶಿಶುಗಳ ಯಕೃತ್ತಿನ ರೋಗವೊಂದು ಮುಂದೆ ಸುಮಾರು ನೂರು ವರ್ಷಗಳ ಕಾಲ ಭಾರತೀಯ ವೈದ್ಯರನ್ನು ಕಾಡಿತು. ಒಂದೆರಡು ವರ್ಷದ ಮಗುವಿನ ಹೊಟ್ಟೆ ಉಬ್ಬುವುದು, ಯಕೃತ್ತು ಗಟ್ಟಿಯಾಗಿ ಅದರ ಅಂಚು ಬೆರಳಿಗೆ ಹರಿತವಾಗಿ ತಾಗುವುದು, ಕಾಮಾಲೆ ತಲೆದೋರುವುದು, ಕಡೆಗೆ ಮರಣ. ಮದರಾಸಿನ ಜಮ್ಮಿಯವರ ‘ಲಿವರ್ ಕ್ಯೂರ್’ ದಕ್ಷಿಣದ ಮನೆಗಳಲ್ಲಿ ಮನೆಮಾತಾದುದು ಈ ಭಯದಿಂದಲೇ. ಒಂದೇ ತಾಯಿಯ ಮಕ್ಕಳು ಒಬ್ಬರ ಹಿಂದೊಬ್ಬರು ತೀರಿಕೊಳ್ಳುತ್ತಿದ್ದುದರಿಂದ ಇದು ವಂಶದೋಷವೆಂದು ಕೆಲವರು ಬಗೆದರು; ಆದರೆ ಗ್ರಾಮಾಂತರದ ಮಧ್ಯಮ ವರ್ಗದ ಹಿಂದೂ ಕುಟುಂಬಗಳಲ್ಲಿಯೇ ಇದು ಹೆಚ್ಚಾಗಿ ಕಾಣುತ್ತಿದ್ದುದಕ್ಕೆ ವಂಶವೊಂದೇ ಉತ್ತರವಾಗಲಾರದಾಗಿತ್ತು.

1979ರಲ್ಲಿ ಪಾಪರ್, ನಾಯಕ್ ಮೊದಲಾದ ಸಂಶೋಧಕರು ಈ ಮಕ್ಕಳ ಯಕೃತ್ತಿನ ಕೋಶಗಳಲ್ಲಿ ತಾಮ್ರವು ಕಿಕ್ಕಿರಿದಿರುವುದನ್ನು ವಿವರಿಸಿದರು. ಒಣಗಿಸಿದ ಯಕೃತ್ತಿನ ಒಂದು ಗ್ರಾಮಿಗೆ 50 ಮೈಕ್ರೋಗ್ರಾಮಿಗಿಂತ ಕಡಿಮೆಯಿರಬೇಕಾದ ತಾಮ್ರವು ಇವರಲ್ಲಿ ಅನೇಕ ವೇಳೆ ಸಾವಿರವನ್ನು ಮೀರಿತ್ತು. ಅದು ಬಂದುದೆಲ್ಲಿಂದ? ಬ್ರಿಟನ್ನಿನ ಟ್ಯಾನರ್, ಪುಣೆಯ ಭಾವೆ ಮತ್ತು ಪಂಡಿತ್ ಮೊದಲಾದ ವೈದ್ಯರು ಪರೀಕ್ಷಾಮಂದಿರವನ್ನು ದಾಟಿ ಅಡುಗೆಮನೆಯವರೆಗೆ ನಡೆದು, ಮಗುವಿಗೆ ಪಶುವಿನ ಹಾಲನ್ನು ಯಾವ ತಿಂಗಳಿನಿಂದ ಕೊಟ್ಟಿರಿ, ಯಾವ ಪಾತ್ರೆಯಲ್ಲಿ ಕಾಯಿಸಿದಿರಿ, ಯಾವುದರಲ್ಲಿಟ್ಟಿರಿ ಎಂದು ತಾಯಂದಿರನ್ನೇ ಕೇಳಿದರು. ಎದೆಹಾಲನ್ನು ಬೇಗನೆ ಬಿಡಿಸಿ ಹಿತ್ತಾಳೆಯಲ್ಲಿ ಕಾಯಿಸಿಟ್ಟ ಹಾಲನ್ನು ಕುಡಿಸಿದ ಮನೆಗಳಲ್ಲಿ ರೋಗವು ಹೆಚ್ಚಾಗಿದ್ದುದನ್ನು ಅವರು 1983ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮಂಡಿಸಿದರು. ಹಾಲಿನ ಕೇಸೀನ್ ತಾಮ್ರವನ್ನು ಹಿಡಿದುಕೊಳ್ಳುತ್ತದೆ. ಪಿತ್ತದ ಮೂಲಕ ಅದನ್ನು ಹೊರದೂಡುವ ಶಕ್ತಿ ಎಳೆಯ ಯಕೃತ್ತಿಗೆ ಸಾಲದು. ತಾಮ್ರವನ್ನು ಮೂತ್ರದ ಮೂಲಕ ಹೊರಹಾಕಿಸುವ ಪೆನಿಸಿಲಮೀನನ್ನು ರೋಗದ ಆರಂಭದಲ್ಲಿಯೇ ಕೊಟ್ಟಾಗ ಹಲವು ಮಕ್ಕಳು ಉಳಿದರು.

ಹಲಸಿಯಿರುವ ಖಾನಾಪುರವು ತನ್ನ ಮಣ್ಣಿಗೂ ಕುಂಬಾರಿಕೆಗೂ ಹೆಸರಾದ ನಾಡು. ಮಡಕೆಯಲ್ಲಿ ಕಾಯ್ದ ಹಾಲಿಗೆ ತಾಮ್ರವು ಸೇರುವಂತಿಲ್ಲ. ಲೋಹದ ಪಾತ್ರೆಯಾದರೋ ಅನುಕೂಲಸ್ಥಿತಿಯ ಕುರುಹು, ತವರಿನಿಂದ ಬಂದ ಬಳುವಳಿ. ರೋಗವು ಉಳ್ಳವರ ಮನೆಯನ್ನು ಹುಡುಕಿಕೊಂಡು ಹೋದಂತೆ ತೋರಿದುದರ ಮರ್ಮ ಇದಾಗಿರಬಹುದು. ಇದು ನಮ್ಮ ದೇಶದ್ದೇ ದೋಷವೂ ಅಲ್ಲ: ಆಸ್ಟ್ರಿಯದ ಟಿರೋಲ್ ಪ್ರಾಂತದಲ್ಲಿ 1900ರಿಂದ 1974ರವರೆಗೆ ಇಂತಹುದೇ ರೋಗಕ್ಕೆ ತುತ್ತಾದ 138 ಶಿಶುಗಳ ವೃತ್ತಾಂತವು 1996ರಲ್ಲಿ ಪ್ರಕಟವಾಯಿತು, ಅಲ್ಲಿಯೂ ಕಲಾಯಿಯಿಲ್ಲದ ತಾಮ್ರದ ಪಾತ್ರೆ, ಅಲ್ಲಿಯೂ ಹಸುವಿನ ಹಾಲು. ಆದರೆ ಆ ಹಾಲನ್ನು ಕುಡಿದ ಮಕ್ಕಳೆಲ್ಲರೂ ರೋಗಿಗಳಾಗಲಿಲ್ಲವಾದುದರಿಂದ ಹುಟ್ಟಿನಿಂದ ಬಂದ ದೌರ್ಬಲ್ಯವೂ ಇದಕ್ಕೆ ಸೇರಿರಬೇಕೆಂದು ವಿದ್ವಾಂಸರು ಊಹಿಸಿದರು.

ಸ್ಟೀಲಿನ ಪಾತ್ರೆಗಳು ಮನೆ ಹೊಕ್ಕಂತೆ ಈ ರೋಗವು ವಿರಳವಾಯಿತು. ಕಲಾಯಿಯವನ ಕೂಗೂ ಬೀದಿಗಳಿಂದ ಮರೆಯಾಯಿತು. ಈಚೆಗೆ ತಾಮ್ರದ ಪಾತ್ರೆಗಳು ಆರೋಗ್ಯದ ಹೆಸರಿನಲ್ಲಿ ಅಂಗಡಿಗಳಿಗೆ ಮರಳಿವೆ. ಪ್ರಾಯದವರು ಕುಡಿಯುವ ನೀರಿನ ಮಾತು ಬೇರೆ, ಹಾಲುಗೂಸಿನ ಮಾತು ಬೇರೆ. ಪೂರ್ವಿಕರ ಪಾತ್ರೆಯನ್ನು ಅಡುಗೆಮನೆಗೆ ಮತ್ತೆ ತರುವವರು ಪೂರ್ವಿಕರ ಎಚ್ಚರವಾದ ಕಲಾಯಿಯನ್ನೂ ತರಬೇಕು. ಶಿಶುವಿನ ಹಾಲನ್ನಂತೂ ಆ ಪಾತ್ರೆಯಿಂದ ದೂರವೇ ಇಡಬೇಕು.