ಪುಣೆಗೆ ಇಂಗ್ಲಿಷ್ ಕಲಿಯಲು ಬಂದವರು

ಪುಣೆ ಅಂದಕೂಡಲೇ ಊರಲ್ಲಿರುವ ನಮ್ಮವರಿಗೆ ನೆನಪಾಗುವುದು ಶನಿವಾರವಾಡೆ, ಸವಾಯಿ ಗಂಧರ್ವ ಸಂಗೀತ ಮಹೋತ್ಸವ, ಈಚೆಗಾದರೆ ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಗಳು. ಹುಬ್ಬಳ್ಳಿ-ಧಾರವಾಡದವರಿಗಂತೂ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಷ್ಟರಲ್ಲಿ ಮುಟ್ಟುವ ಊರು. ಆದರೆ ಟೆಹರಾನ್, ಸನಾ, ಖಾರ್ಟೂಮ್, ಕಾಬೂಲ್‌ಗಳ ಎಷ್ಟೋ ಮನೆಗಳಲ್ಲಿ ಪುಣೆ ಎಂದರೆ ಮಗ ಇಂಗ್ಲಿಷ್ ಕಲಿತು, ಬಿ.ಕಾಂ., ಬಿಬಿಎ ಇಲ್ಲವೇ ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿಕೊಂಡು ಬರುವ ಊರು. ಇಂಗ್ಲಿಷಿಗಾಗಿ ಮರಾಠಿ ಮಾತಾಡುವ ಊರಿಗೆ ಬಂದ ಇವರ ಕಥೆಯಲ್ಲಿ ಕನ್ನಡಿಗರ ಪಾಲೂ ಸ್ವಲ್ಪ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಧಾರವಾಡದಲ್ಲಿ ಎಂ.ಕಾಂ. ಮುಗಿಸಿ 1983ರಲ್ಲಿ ಬ್ಯಾಂಕು ಸೇರಿದವ. ವರ್ಗಾವಣೆಯ ಮೇಲೆ ಮೊದಲು ಹೈದರಾಬಾದು, ಆಮೇಲೆ ಪುಣೆ. ಇಲ್ಲಿ ಡೆಕ್ಕನ್ ಜಿಮಖಾನಾ ಕಡೆಯ ಶಾಖೆಯಲ್ಲಿದ್ದಾಗ ಪರದೇಶದ ವಿದ್ಯಾರ್ಥಿಗಳ ಎನ್‌ಆರ್‌ಒ ಖಾತೆಗಳು ನನ್ನ ಟೇಬಲ್ಲಿಗೇ ಬರುತ್ತಿದ್ದವು. ಪಾಸ್‌ಪೋರ್ಟು, ವೀಸಾ, ಕಾಲೇಜಿನ ಪತ್ರ ನೋಡುತ್ತ ನೋಡುತ್ತ ಅವರ ಕಷ್ಟಸುಖವೂ ಕಿವಿಗೆ ಬೀಳುತ್ತಿತ್ತು. ನಿವೃತ್ತಿಯಾದ ಮೇಲೆ ವಾರಕ್ಕೆ ಎರಡು ಸಂಜೆ ಅಂಥ ಕೆಲವರಿಗೆ ಲೆಕ್ಕಪತ್ರದ ಇಂಗ್ಲಿಷ್ ಹೇಳಿಕೊಡುತ್ತೇನೆ. ಫೀಜಿಲ್ಲ, ಒಂದು ಕಪ್ ಚಹಾ ಅಷ್ಟೆ.

ಪುಣೆಯಲ್ಲಿ ಇದಕ್ಕೊಂದು ವ್ಯವಸ್ಥೆ ಆದದ್ದು 1970ರ ದಶಕದಲ್ಲಿ. ಫರ್ಗ್ಯುಸನ್ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಸ್.ಬಿ. ಮುಜುಮದಾರರು ನಮ್ಮ ಬೆಳಗಾವಿಯ ಗಡಿಗೆ ಹತ್ತಿದ ಗಡಹಿಂಗ್ಲಜದವರು. ಹಾಸ್ಟೆಲ್ಲಿನಲ್ಲಿ ಕಾಮಾಲೆಯಾಗಿ ಮಲಗಿದ್ದ ಮಾರಿಷಸ್‌ನ ಹುಡುಗನಿಗೆ ಹುಡುಗಿಯೊಬ್ಬಳು ಕಿಟಕಿಯಿಂದ ಊಟ ಕೊಡುತ್ತಿದ್ದುದನ್ನು ಅವರು ನೋಡಿದರಂತೆ. ಪರದೇಶದ ಮಕ್ಕಳಿಗೆ ಇಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲವಲ್ಲ ಎಂದು ಅನ್ನಿಸಿ, 1971ರಲ್ಲಿ ಸಿಂಬಯಾಸಿಸ್ ಸಂಸ್ಥೆ ಶುರುಮಾಡಿದರು. ಮರುವರ್ಷವೇ, 1972ರಲ್ಲಿ, ಅದರಡಿ ಇಂಗ್ಲಿಷ್ ಕಲಿಸುವ ಸಂಸ್ಥೆಯೂ ಹುಟ್ಟಿತು. ಊಟ, ವಸತಿಯ ಬೆನ್ನಿಗೇ ಭಾಷೆ ಬಂತು ಎಂಬುದನ್ನು ಗಮನಿಸಬೇಕು. ಕ್ಲಾಸಿನಲ್ಲಿ ಹೇಳಿದ್ದು ತಿಳಿಯದಿದ್ದರೆ ಹಾಸ್ಟೆಲ್ ಎಷ್ಟು ಚೆನ್ನಾಗಿದ್ದರೇನು?

ಇಂಥ ಕಲಿಕೆಯ ಬಗ್ಗೆ ಜಗತ್ತು ಯೋಚಿಸಿದ ರೀತಿಯೂ ಬದಲಾಗುತ್ತ ಬಂದಿದೆ. 1913ರಲ್ಲಿ ಕೇಂಬ್ರಿಜ್‌ನವರು ಪರಭಾಷಿಕರಿಗಾಗಿ ಮೊದಲ ಇಂಗ್ಲಿಷ್ ಪ್ರಾವೀಣ್ಯ ಪರೀಕ್ಷೆ ನಡೆಸಿದಾಗ ಕೂತವರು ಮೂರೇ ಮಂದಿ, ಮೂವರೂ ನಪಾಸು! ಅನುವಾದ, ಸಾಹಿತ್ಯ, ಧ್ವನಿಶಾಸ್ತ್ರ ಎಲ್ಲ ಅದರಲ್ಲಿದ್ದವು. ಅಮೆರಿಕದ ಟೋಫೆಲ್ 1964ರಲ್ಲಿ ಬಂತು. 1980ರಲ್ಲಿ ಬ್ರಿಟಿಷರು ತಂದ ಹೊಸ ಪರೀಕ್ಷೆಯಲ್ಲಿ ವೈದ್ಯಕೀಯಕ್ಕೆ ಬೇರೆ, ತಂತ್ರಜ್ಞಾನಕ್ಕೆ ಬೇರೆ, ಸಮಾಜಶಾಸ್ತ್ರಕ್ಕೆ ಬೇರೆ ಪತ್ರಿಕೆ ಮಾಡಿದರು. ಡಾಕ್ಟರಿಗೆ ಬೇಕಾದ ಇಂಗ್ಲಿಷೇ ಬೇರೆ, ವ್ಯಾಪಾರ ಓದುವವನಿಗೆ ಬೇಕಾದದ್ದೇ ಬೇರೆ ಎಂಬ ವಿಚಾರ ಅದು. 1989ರಲ್ಲಿ ಅದು ಐಇಎಲ್‌ಟಿಎಸ್ ಆದಾಗ ಮೂರು ಗುಂಪುಗಳಾದವು. ಮೂರನೆಯದು ವ್ಯವಹಾರ ಅಧ್ಯಯನ ಮತ್ತು ಸಮಾಜ ವಿಜ್ಞಾನದವರಿಗೆ. 1995ರಲ್ಲಿ ಆ ವಿಂಗಡಣೆಯನ್ನೂ ತೆಗೆದು ಎಲ್ಲ ವಿಷಯದವರಿಗೂ ಒಂದೇ ಪತ್ರಿಕೆ ಮಾಡಿದರು. ಪರೀಕ್ಷೆಯವರ ಅನುಕೂಲ ಪರೀಕ್ಷೆಯವರಿಗೆ. ಹುಡುಗರ ತೊಂದರೆ ಮಾತ್ರ ಇದ್ದಲ್ಲೇ ಇದೆ.

ಆ ತೊಂದರೆ ಏನೆಂದು ಬ್ಯಾಂಕಿನವನಾದ ನನಗೆ ಬೇಗ ತಿಳಿಯಿತು. ನಿಘಂಟು ನೋಡಿದ ಹುಡುಗನಿಗೆ ಇಂಟರೆಸ್ಟ್ ಎಂದರೆ ಆಸಕ್ತಿ; ನಮ್ಮ ಪುಸ್ತಕದಲ್ಲಿ ಅದು ಬಡ್ಡಿ. ಔಟ್‌ಸ್ಟ್ಯಾಂಡಿಂಗ್ ಎಂದರೆ ಅತ್ಯುತ್ತಮ ಎಂದು ಓದಿಕೊಂಡಿರುತ್ತಾನೆ. ಬ್ಯಾಂಕಿನಲ್ಲಿ ಔಟ್‌ಸ್ಟ್ಯಾಂಡಿಂಗ್ ಸಾಲ ಅಂದರೆ ತೀರದೆ ಉಳಿದ ಸಾಲ. ಗುಡ್‌ವಿಲ್ ಸದ್ಭಾವನೆ ಅಲ್ಲ, ಆಸ್ತಿಯ ಪಟ್ಟಿಯಲ್ಲಿ ಬೆಲೆ ಕಟ್ಟಿ ಬರೆಯುವ ಅಂಗಡಿಯ ಹೆಸರು. ಹೋಟೆಲ್ ವಿದ್ಯಾರ್ಥಿಗಳ ಪಾಡು ಇನ್ನೂ ಮಜಾ. ಕವರ್ ಎಂದರೆ ನಮಗೆ ಕಾಗದದ ಲಕೋಟೆ. ಅಲ್ಲಿ ಒಬ್ಬ ಗಿರಾಕಿಗೆ ಹಾಕಿದ ಊಟದ ಜಾಗ. ಟ್ವಿನ್ ರೂಮು, ಡಬಲ್ ರೂಮು ಎರಡೂ ಇಬ್ಬರಿಗೇ, ಆದರೆ ಒಂದರಲ್ಲಿ ಎರಡು ಮಂಚ, ಇನ್ನೊಂದರಲ್ಲಿ ಒಂದು. ತಪ್ಪಿ ಕೊಟ್ಟರೆ ರಾತ್ರಿ ಹನ್ನೊಂದಕ್ಕೆ ಜಗಳ ಗ್ಯಾರಂಟಿ!

ಅದಕ್ಕಿಂತ ಕಠಿಣ ಮರ್ಯಾದೆಯ ಮಾತು. ನಮ್ಮ ಕಡೆ 'ಕೂಡ್ರಿ', 'ಬರ್ರಿ' ಅಂದರೆ ಮುಗೀತು. ಒಂದು 'ರಿ'ಯಲ್ಲಿ ಗೌರವ ಬಂದುಬಿಡುತ್ತದೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಅಂಥ ಬಾಲವಿಲ್ಲ. ವುಡ್ ಯೂ, ಕುಡ್ ಐ, ಮೇ ಐ ಎಂದು ಮುಂದಿನಿಂದ ಸುತ್ತಿ ಬರಬೇಕು. ಮನೆಯಲ್ಲಿ ಅತಿಥಿಗೆ ಜೀವ ಬಿಡುವ ಅರಬ್ಬೀ ಹುಡುಗ ರಿಸೆಪ್ಷನ್ನಿನಲ್ಲಿ ನಿಂತು 'ಗಿವ್ ಪಾಸ್‌ಪೋರ್ಟ್' ಅಂದರೆ ಗಿರಾಕಿಗೆ ಅವನು ಒರಟನಂತೆ ಕಾಣುತ್ತಾನೆ. ಅವನಲ್ಲಿ ಸಂಸ್ಕಾರ ಇಲ್ಲವೆಂದಲ್ಲ, ಅದನ್ನು ತೋರಿಸುವ ಇಂಗ್ಲಿಷಿಲ್ಲ.

ಇದನ್ನೆಲ್ಲ ಕಲಿಸುವುದು ಹ್ಯಾಗೆ? ಇಲ್ಲಿ ನಮ್ಮವರ ಪಾತ್ರ ಬರುತ್ತದೆ. ಹೈದರಾಬಾದಿನಲ್ಲಿ 1958ರಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಆರಂಭವಾಯಿತು. 1972ರಲ್ಲಿ ಸೀಫೆಲ್ ಎಂದು ಹೆಸರು ಬದಲಾಗಿ, 2007ರಲ್ಲಿ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯವಾದದ್ದು ಅದೇ. 1960ರ ದಶಕದ ಮೊದಲ ವರ್ಷಗಳಲ್ಲಿ ಅದರ ನಿರ್ದೇಶಕರಾಗಿದ್ದವರು ನಮ್ಮ ವಿ.ಕೃ. ಗೋಕಾಕರು. ಅದಕ್ಕೂ ಬಹಳ ಮೊದಲು ಅವರು ಪುಣೆಯ ಇದೇ ಫರ್ಗ್ಯುಸನ್ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದ್ದರು. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂದು 1981ರಲ್ಲಿ ವರದಿ ಕೊಟ್ಟವರೂ ಇವರೇ. 1982ರ ಚಳವಳಿಯ ಕಾಲಕ್ಕೆ ನಾನು ಧಾರವಾಡದಲ್ಲೇ ವಿದ್ಯಾರ್ಥಿಯಾಗಿದ್ದೆ. ಸಾಹಿತಿಗಳು ಬೀದಿಗಿಳಿದದ್ದು, ರಾಜಕುಮಾರರು ಬಂದದ್ದು ಕಣ್ಣಿಗೆ ಕಟ್ಟಿದಂತಿದೆ. ಇಂಗ್ಲಿಷಿನ ಸಂಸ್ಥೆ ನಡೆಸಿದವರು ಕನ್ನಡದ ಪರ ಬರೆದರಲ್ಲ ಎಂದು ಅಂದು ಕೆಲವರಿಗೆ ಸೋಜಿಗ. ನನಗೆ ಈಗ ಅದರಲ್ಲಿ ಸೋಜಿಗ ಕಾಣುವುದಿಲ್ಲ.

ಎರಡನೆಯ ಸಂಗತಿ ಬೆಂಗಳೂರಿನದು. ಅಲ್ಲಿ 1963ರಲ್ಲಿ ಶುರುವಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಎಂಬವರು ಬೆಂಗಳೂರು, ಮದ್ರಾಸುಗಳ ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ಮಾಡಿದರು. ವ್ಯಾಕರಣದ ಪಾಠ ಬದಿಗಿಟ್ಟು ಮಕ್ಕಳ ಕೈಗೆ ರೈಲ್ವೆ ವೇಳಾಪಟ್ಟಿ, ನಕ್ಷೆ, ಕ್ಯಾಲೆಂಡರ್ ಕೊಟ್ಟರು. ಒಂದು ಲೆಕ್ಕವನ್ನು ಮೇಷ್ಟ್ರು ಎಲ್ಲರ ಜೊತೆ ಸೇರಿ ಬಿಡಿಸುವುದು, ಅಂಥದೇ ಇನ್ನೊಂದನ್ನು ಹುಡುಗ ತಾನೇ ಬಿಡಿಸುವುದು. ಮನಸ್ಸು ಕೆಲಸದ ಮೇಲಿದ್ದಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. 1987ರಲ್ಲಿ ಅವರ ಪುಸ್ತಕ ಬಂತು. ಕೆಲಸ ಕೊಟ್ಟು ಭಾಷೆ ಕಲಿಸುವ ಪದ್ಧತಿಯ ಬಗ್ಗೆ ಜಗತ್ತಿನಲ್ಲಿ ಎಲ್ಲಿ ಚರ್ಚೆಯಾದರೂ 'ಬ್ಯಾಂಗಲೋರ್ ಪ್ರಾಜೆಕ್ಟ್' ಹೆಸರು ಬರುತ್ತದೆ. ಬೆಂಗಳೂರಿನವರಿಗೇ ಅದು ಅಷ್ಟಾಗಿ ಗೊತ್ತಿಲ್ಲ.

ನಾನೂ ಹಾಗೇ ಮಾಡುತ್ತೇನೆ. ಪಾಸ್‌ಬುಕ್ಕು, ವಿದ್ಯುತ್ ಬಿಲ್ಲು, ಹೋಟೆಲಿನ ಬಿಲ್ಲು ಮೇಜಿನ ಮೇಲಿಟ್ಟು, ಯಾರು ಯಾರಿಗೆ ಎಷ್ಟು ಕೊಡಬೇಕು ಹೇಳಿರಿ ಅನ್ನುತ್ತೇನೆ. ಒಮ್ಮೆ ಬ್ಯಾಲೆನ್ಸ್ ಎಂಬ ಪದ ತಿಳಿಯದೆ ಒದ್ದಾಡುತ್ತಿದ್ದ ಇರಾನಿ ಹುಡುಗನಿಗೆ 'ಬಾಕಿ' ಅಂದೆ. ಅವನ ಮುಖ ಅರಳಿತು. ಜಮಾ, ಖರ್ಚು, ಬಾಕಿ, ರಸೀದಿ ಎಲ್ಲ ಆದಿಲಶಾಹಿ, ಮೊಗಲರ ದಫ್ತರಗಳ ಕಾಲದಿಂದ ನಮ್ಮಲ್ಲಿ ಉಳಿದ ಅರಬ್ಬೀ-ಪಾರಸಿ ಮಾತುಗಳು. ಅವನಿಗೆ ಲೆಕ್ಕ ಗೊತ್ತಿತ್ತು, ಅದರ ಇಂಗ್ಲಿಷ್ ಹೆಸರು ಮಾತ್ರ ಗೊತ್ತಿರಲಿಲ್ಲ. ತನ್ನ ಭಾಷೆಯಲ್ಲಿ ಗಟ್ಟಿಯಾಗಿ ಓದಿ ಬಂದವನು ಹೆಸರುಗಳನ್ನು ಬೇಗ ಕಲಿಯುತ್ತಾನೆ. ಗೋಕಾಕರ ಎರಡು ಕೆಲಸಗಳಲ್ಲಿ ವಿರೋಧವಿಲ್ಲ ಎಂದು ನಾನು ಹೇಳುವುದು ಇದಕ್ಕೇ.

ತಡವಾದರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದೇನೆ. ಪ್ರಶ್ನೆಯೇ ಅರ್ಥವಾಗದೆ ಮೊದಲ ವರ್ಷ ನಪಾಸಾದರೆ ಮುಂದೆ ವೀಸಾದ ಚಿಂತೆ, ಮನೆಯವರು ಹೊಲವೋ ಒಡವೆಯೋ ಮಾರಿ ಕಳಿಸಿದ ಹಣದ ಚಿಂತೆ. 2021ರ ಆಗಸ್ಟಿನಲ್ಲಿ ಕಾಬೂಲು ತಾಲಿಬಾನರ ಕೈಸೇರಿ ಅಲ್ಲಿಯ ಬ್ಯಾಂಕುಗಳು ಬಾಗಿಲು ಹಾಕಿದಾಗ ಇಲ್ಲಿದ್ದ ಅಫಘಾನ್ ಮಕ್ಕಳಿಗೆ ಮನೆಯಿಂದ ಹಣ ಬರುವ ದಾರಿಯೇ ಮುಚ್ಚಿತು. 2022ರ ಡಿಸೆಂಬರಿನಲ್ಲಿ ಅಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯವೂ ಬಂದ್ ಆಯಿತು. ಅಂಥವರಿಗೆ ಇಲ್ಲಿ ಕಲಿತ ಇಂಗ್ಲಿಷೇ ಹೊಟ್ಟೆಪಾಡಿನ ಆಧಾರ.

ಈಗ ನಮ್ಮ ಮನೆಯ ಮಾತು. ಗದಗ, ಹಾವೇರಿ, ಯಾದಗಿರಿಯ ಕನ್ನಡ ಮಾಧ್ಯಮದ ಹುಡುಗಿ ಬಿ.ಕಾಂ. ಸೇರಿದ ಮೊದಲ ದಿನವೇ ಇಂಗ್ಲಿಷ್ ಪುಸ್ತಕ ಬಿಚ್ಚುತ್ತಾಳೆ. ನಾನೂ ಹಾಗೆಯೇ ಬಿಚ್ಚಿದವ. ಸನಾದಿಂದ ಬಂದ ಹುಡುಗನಿಗೆ ಕಾಲೇಜಿಗೆ ಮೊದಲು ಕೆಲವು ತಿಂಗಳು ತಯಾರಿ ಬೇಕು ಎಂದು ಎಲ್ಲರೂ ಒಪ್ಪುತ್ತಾರೆ. ನಮ್ಮ ಹುಡುಗಿಗೂ ಬೇಕು ಅಂದರೆ, ಹತ್ತು ವರ್ಷ ಇಂಗ್ಲಿಷ್ ಓದಿಲ್ಲವೇ ಅನ್ನುತ್ತಾರೆ. ಪರದೇಶದವನಿಗೆ ಸೇತುವೆ ಕಟ್ಟಿಕೊಟ್ಟು ನಮ್ಮವಳಿಗೆ ಹೊಳೆ ಈಜು ಅಂದಂತಾಯಿತು. ಈಜಲಾರದವರು ತಾವೇ ದಡ್ಡರೆಂದುಕೊಂಡು ಮನೆಗೆ ಹೋಗುತ್ತಾರೆ. ಕೆಲವು ಕಾಲೇಜುಗಳು ಬ್ರಿಡ್ಜ್ ಕೋರ್ಸ್ ನಡೆಸುತ್ತವೆ, ನಿಜ. ಅವು ವ್ಯಾಕರಣದ ಇನ್ನೊಂದು ಸುತ್ತಾದರೆ ಪ್ರಯೋಜನವಿಲ್ಲ.

ಒಂದೂವರೆ ತಿಂಗಳು ಸಾಕು. ಇನ್ನೂರು ವಾಣಿಜ್ಯದ ಪದ, ಪಕ್ಕದಲ್ಲಿ ಅವುಗಳ ಕನ್ನಡ, ನಾಲ್ಕಾರು ನಿಜವಾದ ಬಿಲ್ಲು, ಚೆಕ್ಕು, ಪಾಸ್‌ಬುಕ್ಕು, ದಿನಕ್ಕೊಂದು ಲೆಕ್ಕ. ಊರಲ್ಲಿ ನನ್ನ ಹಾಗೆ ನಿವೃತ್ತರಾದ ಬ್ಯಾಂಕಿನವರು, ಮೇಷ್ಟ್ರುಗಳು ಬೇಕಾದಷ್ಟು ಇದ್ದೀರಿ. ಕಾಲೇಜು ತೆರೆಯುವ ಮೊದಲು ನಿಮ್ಮ ಓಣಿಯ ನಾಲ್ಕು ಮಕ್ಕಳನ್ನು ಪಡಸಾಲೆಯಲ್ಲಿ ಕೂಡಿಸಿಕೊಂಡು ನೋಡ್ರಿ.